ಬೆಂಗಳೂರಿಗೆ ಹೊರಟವರೇ, ಮನೆಗಿಂತ ಮೊದಲು ಶಾಲೆ ನೋಡಿ



ಮಾರ್ಚ್ ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಿಗೆ ಟಿ.ಸಿ. ಕೇಳುವವರು ಬರತೊಡಗುತ್ತಾರೆ. ಕೆಲವರು ಪಕ್ಕದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುವವರು. ಅವರ ವಿಷಯ ಬೇರೆಯೇ ಇದೆ, ಇನ್ನೊಮ್ಮೆ ಬರೆಯೋಣ. ಇವತ್ತು ಬರೆಯುವುದು ಬೆಂಗಳೂರಿಗೆ ಹೋಗುವವರ ಬಗ್ಗೆ. ಅಡಿಕೆಗೆ ಹಳದಿ ರೋಗ, ಊರಿನಲ್ಲಿ ಕೆಲಸವಿಲ್ಲ. ಗಂಡನಿಗೆ ಅಲ್ಲಿ ಕಂಪೆನಿ ಕೆಲಸ, ಹೆಂಡತಿಗೂ ಒಂದು ಸಿಕ್ಕಿದೆ. ಹೋಗಲೇಬೇಕು, ಹೋಗಲಿ. ಹೊಟ್ಟೆಪಾಡಿಗೆ ಊರು ಬಿಡುವುದನ್ನು ತಪ್ಪೆಂದು ಹೇಳಲು ನಾವು ಯಾರು? ನಮ್ಮ ತಕರಾರು ಹೋಗುವುದರ ಬಗ್ಗೆ ಅಲ್ಲ, ಎಲ್ಲಿಗೆ ಹೋಗಿ ಇಳಿಯುತ್ತೀರಿ ಎಂಬುದರ ಬಗ್ಗೆ.

ಬೆಂಗಳೂರು ಎಂದರೆ ಒಂದು ಊರಲ್ಲ, ನೂರು ಊರು. ಅಲ್ಲಿ ಮನೆ ಹಿಡಿಯುವಾಗ ನಮ್ಮವರು ಏನೇನು ವಿಚಾರಿಸುತ್ತಾರೆ ಎಂದು ಗಮನಿಸಿದ್ದೇವೆ. ಕಾವೇರಿ ನೀರು ಬರುತ್ತದೆಯೇ? (ಕೇಳಲೇಬೇಕಾದ್ದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಪಟ್ಟ ಪಾಡು ಯಾರೂ ಮರೆತಿಲ್ಲ.) ಮೆಟ್ರೋ ಎಷ್ಟು ದೂರ? ಲಿಫ್ಟ್ ಇದೆಯೇ? ಕರೆಂಟು ಹೋದರೆ ಜನರೇಟರ್ ಇದೆಯೇ? ಅಡ್ವಾನ್ಸ್ ಎಷ್ಟು? ಕಾರು ನಿಲ್ಲಿಸಲು ಜಾಗ? ಇಷ್ಟೆಲ್ಲ ಆಗಿ, ಹಾಲು ಉಕ್ಕಿಸಿ, ಫ್ರಿಜ್ ಎಲ್ಲಿಡುವುದೆಂದು ತೀರ್ಮಾನವಾದ ಮೇಲೆ ಮಗುವಿನ ನೆನಪಾಗುತ್ತದೆ. ಆಗ ಕೇಳುವುದೇನು? "ಇಲ್ಲಿಗೆ ಯಾವ ಸ್ಕೂಲಿನ ವ್ಯಾನ್ ಬರುತ್ತದೆ?" ಅಷ್ಟೇ! ವ್ಯಾನ್ ಯಾವುದು ಬರುತ್ತದೋ ಅದೇ ಶಾಲೆ, ಆ ಶಾಲೆಯಲ್ಲಿ ಯಾವ ಭಾಷೆಯೋ ಅದೇ ಮಗುವಿನ ಭಾಷೆ. ಫ್ರಿಜ್ಜಿಗೆ ಕೊಟ್ಟ ಯೋಚನೆಯನ್ನು ಮಗುವಿನ ಭಾಷೆಗೆ ಕೊಡಲಿಲ್ಲ.

ಇದು ತಲೆಕೆಳಗಾದ ಕ್ರಮ ಎಂದು ನಾವು ಹೇಳುತ್ತೇವೆ. ಮೊದಲು ಶಾಲೆ, ಆಮೇಲೆ ಅದಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ, ಆಮೇಲೆ ಉಳಿದದ್ದು.

"ಮಾಷ್ಟ್ರೇ, ಕರ್ನಾಟಕಕ್ಕೇ ಹೋಗುತ್ತಿದ್ದೇವಲ್ಲ, ಇನ್ನು ಕನ್ನಡಕ್ಕೇನು ಭಯ? ಗಡಿಯಾಚೆ ಇದ್ದು ಪಟ್ಟ ಕಷ್ಟ ಸಾಲದೇ?" ಎಂದು ಕೇಳುವವರು ಬಹಳ. ಈ ಮಾತು ಕೇಳಲು ಸಮಾಧಾನ ಕೊಡುತ್ತದೆ, ಆದರೆ ನಿಜವಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಮ್ಮ ಮಾತೃಭಾಷೆ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಆ ಅರ್ಧವೂ ಎಲ್ಲ ಕಡೆ ಒಂದೇ ಸಮನಾಗಿ ಹರಡಿಲ್ಲ. ವಿಜಯನಗರ, ರಾಜಾಜಿನಗರ, ಹನುಮಂತನಗರ, ಬನಶಂಕರಿ ಕಡೆ ತರಕಾರಿ ಅಂಗಡಿ, ಔಷಧಿ ಅಂಗಡಿ, ಆಟದ ಮೈದಾನ ಎಲ್ಲೆಲ್ಲೂ ಕನ್ನಡ ಕೇಳುತ್ತದೆ. ಹೊರವರ್ತುಲ ರಸ್ತೆಯ ಪೂರ್ವಕ್ಕೆ ಎದ್ದು ನಿಂತ ಎತ್ತರದ ಸಮುಚ್ಚಯಗಳ ಗೇಟು ದಾಟಿ ಒಳಗೆ ಹೋದರೆ ಮಕ್ಕಳು ಆಡುವುದು ಇಂಗ್ಲಿಷಿನಲ್ಲಿ, ಕಾವಲುಗಾರನೊಡನೆ ಮಾತು ಹಿಂದಿಯಲ್ಲಿ. ಹಾಗೆಂದು ಪೂರ್ವದಲ್ಲಿ ಕನ್ನಡವೇ ಇಲ್ಲವೆಂದಲ್ಲ. ವರ್ತೂರು, ಕಾಡುಗೋಡಿ, ಹೂಡಿ ಇವೆಲ್ಲ ಹಳೆಯ ಊರುಗಳು. ಅಲ್ಲಿ ಕನ್ನಡದ ಜನರಿದ್ದಾರೆ, ಸರಕಾರಿ ಶಾಲೆಗಳಿವೆ. ಗೋಡೆಯ ಈಚೆಗೆ ಊರು, ಆಚೆಗೆ ಸಮುಚ್ಚಯ. ನೀವು ಗೋಡೆಯ ಯಾವ ಬದಿಯಲ್ಲಿ ಮನೆ ಹಿಡಿಯುತ್ತೀರಿ ಎಂಬುದೇ ಪ್ರಶ್ನೆ.

ಇನ್ನೊಂದು ಮಾತು. ಇದು ಬೇರೆ ಜಿಲ್ಲೆಯವರಿಗೆ ಅಷ್ಟಾಗಿ ತಟ್ಟಲಿಕ್ಕಿಲ್ಲ, ನಮಗೆ ಮಾತ್ರ ನೇರವಾಗಿ ತಟ್ಟುವಂಥದ್ದು. ಧಾರವಾಡದವರು, ಮಂಡ್ಯದವರು ಬೆಂಗಳೂರಿಗೆ ಹೋಗಿ ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕಿದರೂ ಮನೆಯಲ್ಲಿ ಕನ್ನಡ ಮಾತಾದರೂ ಉಳಿಯುತ್ತದೆ. ನಮ್ಮಲ್ಲಿ ಹಾಗಿಲ್ಲ. ನಮ್ಮ ಒಂದು ತರಗತಿಯನ್ನೇ ನೋಡಿ. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಹವ್ಯಕ, ಮತ್ತೊಬ್ಬರದು ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ. ಇವರೆಲ್ಲರನ್ನೂ ಒಂದು ಬೆಂಚಿನಲ್ಲಿ ಕೂರಿಸಿದ ಭಾಷೆ ಕನ್ನಡ. ಕನ್ನಡ ನಮಗೆ ಅಡುಗೆಮನೆಯ ಭಾಷೆ ಆಗಿದ್ದದ್ದಕ್ಕಿಂತ ಹೆಚ್ಚಾಗಿ ಶಾಲೆಯ, ಯಕ್ಷಗಾನದ, ಪತ್ರಿಕೆಯ, ಭಜನಾ ಮಂದಿರದ ಭಾಷೆ. ಆದ್ದರಿಂದಲೇ 1956ರ ನವೆಂಬರ್ 1ರಂದು ನಾವು ಕೇರಳದ ಪಾಲಾದಾಗ ನಮ್ಮ ಹಿರಿಯರು ಮೊದಲು ಗಟ್ಟಿಯಾಗಿ ಹಿಡಿದುಕೊಂಡದ್ದು ಶಾಲೆಯನ್ನು. ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಆ ಕಾಗದ ಕಾಗದವಾಗಿಯೇ ಉಳಿಯಿತು. ಶಾಲೆ ಮಾತ್ರ ನಮ್ಮ ಕೈಯಲ್ಲಿ ಉಳಿದದ್ದು. ತುಳು ಮನೆಯ ಮಗುವಿಗೆ ಬೆಂಗಳೂರಿನಲ್ಲಿ ಕನ್ನಡ ಶಾಲೆ ತಪ್ಪಿದರೆ ಕನ್ನಡ ಬರುವ ಬಾಗಿಲೇ ಮುಚ್ಚಿದಂತೆ. "ಮನೆಯಲ್ಲಿ ಕಲಿಸುತ್ತೇವೆ" ಎನ್ನುವವರ ಮನೆಯಲ್ಲಿ ಮಾತಾಡುವುದು ಕನ್ನಡವೇ ಅಲ್ಲವಲ್ಲ!

ಓಣಂ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಊರಿಗೆ ಬರುವ ಇಂಥ ಮಕ್ಕಳನ್ನು ನಾವು ಕಾಣುತ್ತೇವೆ. ಇಲ್ಲಿ ಮೂರನೇ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದವರು, ಎರಡು ವರ್ಷ ಕಳೆದು ಬಂದಾಗ ಆಟದ ಕರಪತ್ರದಲ್ಲಿರುವ ಪ್ರಸಂಗದ ಹೆಸರನ್ನು ಒತ್ತಕ್ಷರಕ್ಕೆ ಬಂದು ತಡವರಿಸುತ್ತಾ ಓದುತ್ತಾರೆ. ಅಜ್ಜನಿಗೆ ಬೇಸರ, ಅಮ್ಮನಿಗೆ ನಗು. ನಮಗೆ ನಗು ಬರುವುದಿಲ್ಲ. ಮಲಯಾಳದ ಸಮುದ್ರದ ನಡುವೆ ಉಳಿಸಿದ ಅಕ್ಷರ ಕನ್ನಡದ ರಾಜಧಾನಿಯಲ್ಲಿ ಹೋಯಿತಲ್ಲ ಎಂದು ಸಂಕಟವಾಗುತ್ತದೆ.

"ಅಲ್ಲಿ ಎಲ್ಲ ಶಾಲೆಯಲ್ಲೂ ಕನ್ನಡ ಕಡ್ಡಾಯ ಅಂತೆ" ಎಂದು ಇನ್ನು ಕೆಲವರ ಸಮಾಧಾನ. ಹೌದು, ಕರ್ನಾಟಕ ಸರಕಾರ 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯ್ದೆ ಮಾಡಿದೆ, 2017ರಲ್ಲಿ ನಿಯಮಗಳೂ ಬಂದಿವೆ. ಆದರೆ ಕನ್ನಡವನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ, ಕನ್ನಡದಲ್ಲಿ ಲೋಕವನ್ನು ಕಲಿಯುವುದು ಬೇರೆ. ವಾರಕ್ಕೆ ಕೆಲವು ಪೀರಿಯಡ್ ಅ ಆ ಇ ಈ ತಿದ್ದಿಸಿ, ಪರೀಕ್ಷೆಗೆ ಹತ್ತು ಪ್ರಶ್ನೆ ಬಾಯಿಪಾಠ ಮಾಡಿಸಿದರೆ ಕಾಯ್ದೆಗೆ ತೃಪ್ತಿಯಾದೀತು, ಭಾಷೆ ಬಾರದು. ಮಾಧ್ಯಮದ ಬಗ್ಗೆಯಂತೂ ಸುಪ್ರೀಂ ಕೋರ್ಟು 2014ರ ಮೇ 6ರಂದು ಹೇಳಿಬಿಟ್ಟಿದೆ. ಪ್ರಾಥಮಿಕ ಹಂತದಲ್ಲಿ ಯಾವ ಮಾಧ್ಯಮ ಎಂದು ಸರಕಾರ ಹೇರುವ ಹಾಗಿಲ್ಲ, ಆಯ್ಕೆ ಹೆತ್ತವರದ್ದು ಎಂದು. ಹಾಗಾದರೆ ಇನ್ನು ಸರಕಾರವನ್ನು ಬೈದು ಪ್ರಯೋಜನವಿಲ್ಲ ಮಿತ್ರರೇ. ಆಯ್ಕೆ ನಿಮ್ಮದು ಎಂದ ಮೇಲೆ ಹೊಣೆಯೂ ನಿಮ್ಮದೇ.

ತರಗತಿಯ ಒಳಗೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಇಲ್ಲಿ ಐದನೇ ತರಗತಿಯವರೆಗೆ ಭಿನ್ನರಾಶಿ, ಅಂಶ, ಛೇದ, ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂದು ಕಲಿತ ಹುಡುಗಿ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗೆ ಹೋದರೆ ಮೊದಲ ದಿನದಿಂದಲೇ ಕೈ ಎತ್ತುತ್ತಾಳೆ. ಪಠ್ಯಪುಸ್ತಕ ಬೇರೆ, ಪದ ಅವೇ. ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಅವಳಿಗೆ ಲೆಕ್ಕ ಬರುತ್ತದೆ, ಆದರೆ ಪ್ರಶ್ನೆ ಅರ್ಥವಾಗುವುದಿಲ್ಲ. ಅದೇ ಹೊತ್ತಿಗೆ ಹೊಸ ಮನೆ, ಹೊಸ ಊರು, ಗೆಳತಿಯರಿಲ್ಲ, ಅಂಗಳವಿಲ್ಲ. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಮಗು ಏನು ಮಾಡುತ್ತದೆ? ಸುಮ್ಮನಾಗುತ್ತದೆ. "ಅಲ್ಲಿ ಚುರುಕಾಗಿದ್ದಳು, ಇಲ್ಲಿ ಮಂಕಾಗಿದ್ದಾಳೆ" ಎಂದು ಟ್ಯೂಷನ್‌ಗೆ ಹಾಕುತ್ತಾರೆ. ಮಂಕಾದದ್ದು ಮಗುವಲ್ಲ ಸ್ವಾಮಿ! ಮನೆ, ಊರು ಬದಲಾಗುವುದು ಅನಿವಾರ್ಯ. ಆಗ ಕಲಿಯುವ ಭಾಷೆಯಾದರೂ ಬದಲಾಗದೆ ಉಳಿದರೆ ಮಗುವಿಗೆ ಹಿಡಿದುಕೊಳ್ಳಲು ಒಂದು ಕಂಬ ಸಿಕ್ಕಿದಂತೆ.

ಈಗ ಯಾರೂ ಬಾಯಿಬಿಟ್ಟು ಹೇಳದ ಕಾರಣಕ್ಕೆ ಬರೋಣ. ಬೆಂಗಳೂರಿನ ಸರಕಾರಿ ಕನ್ನಡ ಶಾಲೆಗೆ ಯಾರ ಮಕ್ಕಳು ಬರುತ್ತಾರೆ? ಕಟ್ಟಡ ಕಟ್ಟುವವರ, ಮನೆಗೆಲಸದವರ, ಆಟೋ ಓಡಿಸುವವರ, ಕಲಬುರಗಿ ರಾಯಚೂರು ಕಡೆಯಿಂದ ದುಡಿಯಲು ಬಂದವರ ಮಕ್ಕಳು. "ಅಂಥವರೊಟ್ಟಿಗೆ ಹೇಗೆ ಕೂರಿಸುವುದು?" ಎನ್ನುವುದೇ ನಿಜವಾದ ಕಾರಣ. ಇಂಗ್ಲಿಷ್ ಬೇಕು, ಸಿ.ಬಿ.ಎಸ್.ಇ. ಬೇಕು ಎಂಬುದೆಲ್ಲ ಅದರ ಮೇಲೆ ಹೊದಿಸಿದ ಬಟ್ಟೆ. ಇದನ್ನು ಹೇಳುವವರು ಊರಿನಲ್ಲಿ ಬೀಡಿ ಕಟ್ಟುವವರ ಮಗ, ಭಟ್ಟರ ಮಗ, ಮೀನು ಮಾರುವವರ ಮಗಳು ಎಲ್ಲರೊಟ್ಟಿಗೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪಾತ್ರೆಯ ಗಂಜಿ ಉಂಡು ಓದಿದವರು! ಆ ಬೆಂಚು ಅವರನ್ನು ಕೆಡಿಸಲಿಲ್ಲವಲ್ಲ? ಕಂಪೆನಿ ಕೆಲಸದವರೆಗೆ ತಲುಪಿಸಿತು. ಮಗನಿಗೆ ಮಾತ್ರ ಅದೇ ಬೆಂಚು ಬೇಡವೆಂದರೆ ಹೇಗೆ? ನಾಲ್ಕು ಮಂದಿ ಓದಿದ ಹೆತ್ತವರು ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಕೂತು ಕೇಳತೊಡಗಿದರೆ ಶೌಚಾಲಯದ ಬಾಗಿಲೂ ಸರಿಯಾದೀತು, ಖಾಲಿ ಹುದ್ದೆಗೆ ಶಿಕ್ಷಕರೂ ಬಂದಾರು. ಎಲ್ಲರೂ ಓಡಿಹೋದ ಶಾಲೆ ಸರಿಯಾಗುವುದು ಎಲ್ಲಿಂದ?

ನಮ್ಮ ನೆರೆಯ ಮಲಯಾಳಿಗಳನ್ನು ನೋಡಿ ಕಲಿಯಬೇಕಾದ್ದೂ ಇದೆ. ಕೇರಳ ಸರಕಾರ 2009ರಲ್ಲಿ ಮಲಯಾಳಂ ಮಿಷನ್ ಎಂದು ಸ್ಥಾಪಿಸಿತು. ಹೊರಗೆ ನೆಲೆಸಿದ ಮಲಯಾಳಿ ಮಕ್ಕಳಿಗೆ ಭಾಷೆ ಕಲಿಸುವುದೇ ಅದರ ಕೆಲಸ. ಬೆಂಗಳೂರಿನಲ್ಲಿ ಮಲಯಾಳಿ ಸಮಾಜಗಳು ರಜಾದಿನಗಳಲ್ಲಿ ತರಗತಿ ನಡೆಸುತ್ತವೆ, ಕಣಿಕ್ಕೊನ್ನ ಎಂಬ ಮೊದಲ ಹಂತದ ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತವೆ. ಅಂದರೆ ಕಾಸರಗೋಡಿನಿಂದ ಹೋದ ಮಲಯಾಳಿ ಮಗು ಬೆಂಗಳೂರಿನಲ್ಲಿ ಮಲಯಾಳ ಓದಿ ಬರೆದು ಕಲಿಯುತ್ತದೆ. ಅದೇ ರೈಲಿನಲ್ಲಿ ಹೋದ ನಮ್ಮ ಕನ್ನಡ ಮಗು ಬೆಂಗಳೂರಿನಲ್ಲಿ ಕನ್ನಡ ಮರೆಯುತ್ತದೆ! ಅವರಿಗೆ ಭಾಷೆ ತಾನಾಗಿ ಉಳಿಯದು ಎಂಬ ಎಚ್ಚರ ಇದೆ. ನಮಗೆ "ಕರ್ನಾಟಕವಲ್ಲವೇ, ತಾನಾಗಿ ಬರುತ್ತದೆ" ಎಂಬ ಉದಾಸೀನ. ಈ ಉದಾಸೀನವೇ ನಮ್ಮ ಶತ್ರು.

ಬರಿದೇ ಬೈದರೆ ಸಾಲದು, ದಾರಿಯನ್ನೂ ಹೇಳಬೇಕು.

ಮೊದಲನೆಯದಾಗಿ, ಆಫೀಸಿನ ಬಾಗಿಲಲ್ಲೇ ಮನೆ ಆಗಬೇಕೆಂಬ ಹಟ ಬಿಡಿ. ವೈಟ್‌ಫೀಲ್ಡಿನಲ್ಲಿ ಕೆಲಸ ಎಂದಾಕ್ಷಣ ವೈಟ್‌ಫೀಲ್ಡಿನಲ್ಲೇ ಮನೆ ಹಿಡಿಯಬೇಕೆಂದಿಲ್ಲ. 2023ರ ಅಕ್ಟೋಬರಿನಿಂದ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿಯವರೆಗೆ ಪೂರ್ತಿ ಓಡುತ್ತಿದೆ. ಕೆಂಗೇರಿ, ಅತ್ತಿಗುಪ್ಪೆ, ವಿಜಯನಗರ, ಮಾಗಡಿ ರಸ್ತೆ ಎಲ್ಲವೂ ಆ ಮಾರ್ಗದಲ್ಲಿವೆ, ರೈಲು ಬದಲಿಸಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಾದರೆ 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಇದೆ. ಜಯನಗರ, ಬನಶಂಕರಿ, ಬಸವನಗುಡಿ ಕಡೆಯವರಿಗೆ ಅನುಕೂಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಗಂಟೆ ದಾಟುತ್ತದೆ, ನಿಜ. 2025ರ ಫೆಬ್ರವರಿಯ ದರ ಏರಿಕೆಯಲ್ಲಿ ಗರಿಷ್ಠ ಟಿಕೆಟು 90 ರೂಪಾಯಿಗೆ ಹೋಯಿತು, ಅದೂ ನಿಜ. ಆದರೆ ಆ ಒಂದು ಗಂಟೆ ಕೂತು ಹೋಗುವವರು ಯಾರು? ದೊಡ್ಡವರು. ಈಗ ಆಗುತ್ತಿರುವುದೇನು? ಅಪ್ಪ ಆಫೀಸಿಗೆ ಹತ್ತು ನಿಮಿಷದಲ್ಲಿ ಹೋಗುತ್ತಾನೆ, ಏಳು ವರ್ಷದ ಮಗು ವ್ಯಾನಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಬೇಯುತ್ತದೆ. ಪ್ರಯಾಣ ದೊಡ್ಡವರು ಮಾಡಲಿ, ಮಕ್ಕಳು ನಡೆದು ಹೋಗಲಿ.

ಎರಡನೆಯದಾಗಿ, ಶಾಲೆಗೆ ನೀವೇ ಹೋಗಿ ನೋಡಿ. ಹೊರಗಿನ ಫಲಕ ಓದಿ ನಂಬಬೇಡಿ. ಕರ್ನಾಟಕದಲ್ಲಿ 2019ರಿಂದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು, ಆಮೇಲೆ ಸಂಖ್ಯೆ ಇನ್ನೂ ಏರಿದೆ. ಆದ್ದರಿಂದ ಸರಕಾರಿ ಶಾಲೆ ಎಂದ ಮಾತ್ರಕ್ಕೆ ಕನ್ನಡ ಮಾಧ್ಯಮ ಎಂದಲ್ಲ. ಕನ್ನಡ ವಿಭಾಗ ನಡೆಯುತ್ತಿದೆಯೇ, ಒಂದೊಂದು ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂದು ಕೇಳಿ. ಅನುದಾನಿತ ಹಳೆಯ ಕನ್ನಡ ಶಾಲೆಗಳಿದ್ದರೆ ಅವನ್ನೂ ನೋಡಿ.

ಮೂರನೆಯದಾಗಿ, ಹತ್ತನೇ ತರಗತಿಯವರೆಗಿನ ದಾರಿ ಈಗಲೇ ನೋಡಿಕೊಳ್ಳಿ. ನಮ್ಮಲ್ಲಿ ಎಲ್.ಪಿ. ಎಂದರೆ ನಾಲ್ಕನೆಯವರೆಗೆ, ಅಲ್ಲಿ ಕಿರಿಯ ಪ್ರಾಥಮಿಕ ಐದರವರೆಗೆ. ಕಿರಿಯ ಪ್ರಾಥಮಿಕಕ್ಕೆ ಸೇರಿಸಿ ಆಮೇಲೆ "ಹತ್ತಿರದಲ್ಲಿ ಕನ್ನಡ ಹೈಸ್ಕೂಲೇ ಇಲ್ಲ" ಎಂದು ಇಂಗ್ಲಿಷಿಗೆ ಹಾಕುವವರು ಇದ್ದಾರೆ. ಹಿರಿಯ ಪ್ರಾಥಮಿಕ, ಪ್ರೌಢಶಾಲೆ ಎರಡೂ ಸಿಗುವ ಬಡಾವಣೆಯನ್ನೇ ಆರಿಸಿ. ಶಿಕ್ಷಣ ಹಕ್ಕು ನಿಯಮದಂತೆ ಐದರವರೆಗೆ 1 ಕಿಲೋಮೀಟರು, ಎಂಟರವರೆಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಅದೇ ಅಳತೆಯನ್ನು ನಿಮ್ಮ ಮನೆ ಹುಡುಕಾಟಕ್ಕೂ ಇಟ್ಟುಕೊಳ್ಳಿ.

ನಾಲ್ಕನೆಯದಾಗಿ, ಸಂಜೆ ಐದರಿಂದ ಏಳರವರೆಗೆ ಆ ಬೀದಿಯಲ್ಲಿ ಒಂದು ಸುತ್ತು ಹಾಕಿ. ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ ಎಂದು ಕಿವಿಗೊಡಿ. ಶಾಲೆಯಲ್ಲಿ ಕಲಿತದ್ದು ಗಟ್ಟಿಯಾಗುವುದು ಜಗಳದಲ್ಲಿ, ಆಟದಲ್ಲಿ. ಹತ್ತಿರದಲ್ಲಿ ಸರಕಾರಿ ಗ್ರಂಥಾಲಯದ ಶಾಖೆ ಇದೆಯೇ ನೋಡಿ. ಮಾಲ್ ಎಷ್ಟು ದೂರ ಎಂಬುದಕ್ಕಿಂತ ಇದು ಮುಖ್ಯ.

ಐದನೆಯದು ಲಾಭದ ಮಾತು. ಭಾವನೆಯ ಮಾತು ಬೇಡವೆನ್ನುವವರಿಗಾಗಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸಿ.ಇ.ಟಿ. ಸೀಟುಗಳಲ್ಲೂ ರಾಜ್ಯ ಸರಕಾರದ ನೇಮಕಾತಿಯಲ್ಲೂ ಶೇಕಡಾ 5 ಮೀಸಲಾತಿ ಇದೆ. ನಡುವೆ ಒಂದೇ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದರೂ ಸರಪಳಿ ತುಂಡಾಯಿತು. ಆಮೇಲೆ ಅತ್ತರೆ ಬಾರದು. ಇಲ್ಲಿಂದ ಹೊರಡುವಾಗ ಟಿ.ಸಿ. ಮಾತ್ರವಲ್ಲ, ಎಲ್ಲಿಂದ ಎಲ್ಲಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೆಂಬ ಪ್ರಮಾಣಪತ್ರವನ್ನೂ ಮುಖ್ಯೋಪಾಧ್ಯಾಯರಿಂದ ಪಡೆದು, ಎ.ಇ.ಒ. ಕಚೇರಿಯ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಗಡಿನಾಡಿನವರಿಗೆ ಸಂಬಂಧಿಸಿದ ಷರತ್ತುಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಓದಿ ನೋಡಿ, ಯಾರೋ ಹೇಳಿದರೆಂದು ನಂಬಬೇಡಿ.

"ಹಾಗಾದರೆ ಇಂಗ್ಲಿಷ್ ಬೇಡವೇ?" ಎಂದು ಕೇಳುವಿರಿ. ಯಾರು ಬೇಡವೆಂದರು? ಇಂಗ್ಲಿಷ್ ಚೆನ್ನಾಗಿ ಬೇಕು. ಇಂಗ್ಲಿಷನ್ನು ಭಾಷೆಯಾಗಿ ಗಟ್ಟಿ ಕಲಿಸುವುದು ಬೇರೆ, ಅರ್ಥವಾಗದ ಭಾಷೆಯಲ್ಲಿ ವಿಜ್ಞಾನ ಬಾಯಿಪಾಠ ಮಾಡಿಸುವುದು ಬೇರೆ. ತಿಂಗಳಿಗೆ ವ್ಯಾನಿಗೆ ಕೊಡುವ ಹಣದಲ್ಲಿ ಒಳ್ಳೆಯ ಇಂಗ್ಲಿಷ್ ಕಥೆ ಪುಸ್ತಕಗಳು ರಾಶಿ ಬರುತ್ತವೆ. ಸಂಜೆ ಅರ್ಧ ಗಂಟೆ ಮಗುವಿನೊಟ್ಟಿಗೆ ಕೂತು ಓದಿ. ನೀವಿಬ್ಬರೂ ಇಂಗ್ಲಿಷ್ ಬಲ್ಲವರು ತಾನೇ?

ಎಲ್ಲರಿಗೂ ಇದು ಸಾಧ್ಯವಿಲ್ಲ ಎಂಬುದು ನಮಗೆ ಗೊತ್ತು. ಮೂರು ವರ್ಷಕ್ಕೊಮ್ಮೆ ಬೇರೆ ರಾಜ್ಯಕ್ಕೆ ವರ್ಗವಾಗುವ ಕೇಂದ್ರ ಸರಕಾರಿ ನೌಕರರು, ಬ್ಯಾಂಕಿನವರು ಕೇಂದ್ರೀಯ ಪಠ್ಯಕ್ರಮ ಹಿಡಿಯದೆ ವಿಧಿಯಿಲ್ಲ. ಅವರೊಂದಿಗೆ ನಮಗೆ ಜಗಳವಿಲ್ಲ. ಅವರಿಗೆ ಒಂದೇ ಕೋರಿಕೆ: ಕನ್ನಡವನ್ನು ಎರಡನೇ ಭಾಷೆಯಾಗಿಯಾದರೂ ತೆಗೆದುಕೊಳ್ಳಿ, ಮೂರನೆಯದಾಗಿ ಮೂಲೆಗೆ ತಳ್ಳಬೇಡಿ. ಮನೆಯನ್ನಾದರೂ ಕನ್ನಡ ಕೇಳುವ ಬೀದಿಯಲ್ಲಿ ಹಿಡಿಯಿರಿ. ಆದರೆ ಬೆಂಗಳೂರಿನಲ್ಲೇ ಇಪ್ಪತ್ತು ವರ್ಷ ಇರುತ್ತೇವೆಂದು ನಿವೇಶನಕ್ಕೆ ಸಾಲ ಮಾಡುವವರೂ ಇದೇ ನೆಪ ಹೇಳಿದರೆ ಒಪ್ಪಲಾಗದು.

ಈ ವಿಷಯದಲ್ಲಿ ನಮಗೆ ಇಷ್ಟು ಕಾವು ಏಕೆ ಎಂದರೆ, ನಿಮ್ಮ ಮಗುವಿನ ಟಿ.ಸಿ. ನಮಗೆ ಒಂದು ಕಾಗದ ಮಾತ್ರವಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೆಯ ದಿನ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ನಿನ ಮೇಲೆ ಶಿಕ್ಷಕರ ಹುದ್ದೆ. ಒಂದು ತಲೆ ಕಡಿಮೆಯಾದರೆ ಕೆಲವೊಮ್ಮೆ ಒಂದು ಕನ್ನಡ ಹುದ್ದೆಯೇ ಹೋಗುತ್ತದೆ. ಆ ನಷ್ಟವನ್ನು ನಾವು ಸಹಿಸಿಯೇವು. ಒಂದು ಕನ್ನಡ ಶಾಲೆಯಿಂದ ಹೊರಟ ಮಗು ಇನ್ನೊಂದು ಕನ್ನಡ ಶಾಲೆಗೆ ತಲುಪಿದರೆ ಇಲ್ಲಿಯ ನಷ್ಟ ಅಲ್ಲಿಯ ಲಾಭ, ಕನ್ನಡದ ಲೆಕ್ಕ ಸರಿಹೋಯಿತು. ಇಲ್ಲಿಂದ ಹೊರಟು ಎಲ್ಲಿಗೂ ತಲುಪದಿದ್ದರೆ ಎರಡೂ ಕಡೆ ಸೊನ್ನೆ.

ಬರುವ ಜೂನ್ ಒಳಗೆ ಹೊರಡುವವರಿದ್ದರೆ ಒಂದು ಕೆಲಸ ಮಾಡಿ. ಬ್ರೋಕರಿಗೆ ಫೋನು ಮಾಡುವ ಮೊದಲು ಬೆಂಗಳೂರಿನಲ್ಲಿರುವ ನಮ್ಮೂರಿನವರಿಗೆ ಫೋನು ಮಾಡಿ, "ನಿಮ್ಮ ಬೀದಿಯಲ್ಲಿ ಕನ್ನಡ ಶಾಲೆ ಇದೆಯೇ?" ಎಂದು ಕೇಳಿ. ಈಗಾಗಲೇ ಅಲ್ಲಿ ನೆಲೆಸಿ ಮಕ್ಕಳನ್ನು ಕನ್ನಡ ಶಾಲೆಗೇ ಕಳುಹಿಸುತ್ತಿರುವವರೇ, ನೀವು ಕಡಿಮೆ ಮಂದಿ ಇರಬಹುದು, ಆದರೆ ಇದ್ದೀರಿ. ನಿಮ್ಮ ಬಡಾವಣೆ ಯಾವುದು, ಶಾಲೆ ಹೇಗಿದೆ, ಬಾಡಿಗೆ ಎಷ್ಟು ಎಂದು ಊರಿನ ನಾಲ್ಕು ಜನರಿಗೆ ತಿಳಿಸಿ. ಹೊಸದಾಗಿ ಬರುವವರು ನಿಮ್ಮ ಪಕ್ಕದ ಬೀದಿಯಲ್ಲೇ ಮನೆ ಹಿಡಿಯಲಿ. ಒಂದು ಬೀದಿಯಲ್ಲಿ ನಾಲ್ಕು ಮನೆ ನಮ್ಮವರಾದರೆ ಶಾಲೆಗೂ ಬಲ, ಮಕ್ಕಳಿಗೂ ಜೊತೆ.

ಏನಂತೀರಿ?